ಬಾಸೆಲ್‌ನ ಕೆಂಪು ಬಣ್ಣ, ಚೆನ್ನೈಗೆ ಬಂದ ಅರ್ಜಿ

ಸ್ವಿಟ್ಜರ್‌ಲೆಂಡಿನ ಬಾಸೆಲ್ ರೈನ್ ನದಿಯ ದಂಡೆಯ ಊರು. ಊರಂಚಿಗೆ ನಡೆದು ಹೋದರೆ ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಜರ್ಮನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ರೇಷ್ಮೆ ಪಟ್ಟಿ ನೇಯುವವರ ಊರು. ನೇಕಾರರಿದ್ದಲ್ಲಿ ಬಣ್ಣಗಾರರು ಇದ್ದೇ ಇರುತ್ತಾರೆ. ಅಂಥ ಬಣ್ಣಗಾರರಲ್ಲಿ ಒಬ್ಬ ಅಲೆಕ್ಸಾಂಡರ್ ಕ್ಲಾವೆಲ್. ಮೂಲ ಫ್ರಾನ್ಸಿನ ಲಿಯಾನ್. 1859ರಲ್ಲಿ ಅವನು ತನ್ನ ರೇಷ್ಮೆಗೆ ಬೇಕಾದ ಹೊಸ ಬಣ್ಣವೊಂದನ್ನು ತಾನೇ ತಯಾರಿಸಲು ತೊಡಗಿದ. ಕಲ್ಲಿದ್ದಲಿನ ಡಾಂಬರಿನಿಂದ ಹುಟ್ಟುವ, ಕೆಂಪಿಗೆ ನೇರಳೆ ಕಲಸಿದಂತಿದ್ದ ಬಣ್ಣ ಅದು. ಹೆಸರು ಫುಕ್ಸಿನ್. ನಾವು ಈಗ ಮೆಜೆಂಟಾ ಎನ್ನುತ್ತೇವೆ.

ಆ ಬಣ್ಣವನ್ನು ಕಂಡುಹಿಡಿದವನು ಕ್ಲಾವೆಲ್ ಅಲ್ಲ, ಲಿಯಾನ್‌ನ ವೆರ್ಗಾಂ ಎಂಬ ರಸಾಯನಜ್ಞ. ಪೇಟೆಂಟ್ ಇದ್ದದ್ದು ಅದೇ ಊರಿನ ರೆನಾರ್ ಸಹೋದರರ ಬಳಿ. ಫ್ರಾನ್ಸಿನ ನ್ಯಾಯಾಲಯಗಳು ಆ ಪೇಟೆಂಟಿಗೆ ಬಹಳ ಅಗಲವಾದ ಅರ್ಥ ಕೊಟ್ಟವು. ಯಾವ ವಿಧಾನದಿಂದಲೇ ತಯಾರಿಸಿ, ಎಷ್ಟು ಕಡಿಮೆ ಖರ್ಚಿನಲ್ಲೇ ತಯಾರಿಸಿ, ಆ ಬಣ್ಣ ಮಾತ್ರ ರೆನಾರ್ ಸಹೋದರರದ್ದು. ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿದ್ದ ಫ್ರೆಂಚ್ ರಸಾಯನಜ್ಞರು ಸ್ವದೇಶದಲ್ಲಿ ಕೈಕಟ್ಟಿ ಕೂರಬೇಕಾಯಿತು. ಹಲವರು ಗಂಟುಮೂಟೆ ಕಟ್ಟಿ ಗಡಿ ದಾಟಿದರು. ಗಡಿಯಾಚೆ, ಸ್ವಿಟ್ಜರ್‌ಲೆಂಡಿನಲ್ಲಿ, ಪೇಟೆಂಟ್ ಕಾನೂನೇ ಇರಲಿಲ್ಲ. ಕ್ಲಾವೆಲ್ ಯಾರನ್ನೂ ಕೇಳಬೇಕಾಗಿರಲಿಲ್ಲ, ಯಾರಿಗೂ ಕೊಡಬೇಕಾಗಿರಲಿಲ್ಲ.

ಕ್ಲಾವೆಲ್‌ನ ಆ ಉದ್ಯಮ ಕೈಬದಲಾಗಿ 1884ರಲ್ಲಿ ಒಂದು ಕಂಪನಿಯಾಯಿತು. ಮುಂದೆ ಜಗತ್ತು ಅದನ್ನು ಸೀಬಾ ಎಂದು ಕರೆಯಿತು. 1886ರಲ್ಲಿ ಅದೇ ಊರಿನಲ್ಲಿ ಸ್ಯಾಂಡೋಜ್ ಹುಟ್ಟಿತು. ಗೈಗಿ ಎಂಬ ಹಳೆಯ ಮನೆತನದ ವ್ಯಾಪಾರ ಅದಕ್ಕೂ ಮೊದಲಿನಿಂದ ಇತ್ತು. ಬಣ್ಣ ಮಾಡುತ್ತ ರಸಾಯನ ಕಲಿತ ಈ ಮೂರೂ ಮನೆಗಳು ಕಾಲಕ್ರಮದಲ್ಲಿ ಔಷಧಕ್ಕೆ ಕೈಹಾಕಿದವು, ಒಂದರೊಳಗೊಂದು ಸೇರಿದವು, 1996ರಲ್ಲಿ ನೋವಾರ್ಟಿಸ್ ಎಂಬ ಒಂದೇ ಹೆಸರು ಪಡೆದವು. ಈ ಹೆಸರು ನೆನಪಿರಲಿ. ಇದೇ ಲೇಖನದಲ್ಲಿ ಅದು ಚೆನ್ನೈಗೆ ಬರುತ್ತದೆ.

ಪೇಟೆಂಟ್ ಕಾನೂನು ಬೇಡವೆಂದು ಸ್ವಿಸ್ ಜನ ಮರೆತು ಕೂತಿರಲಿಲ್ಲ. ಬೇಕೋ ಬೇಡವೋ ಎಂದು ಅವರನ್ನು ಕೇಳಲಾಗಿತ್ತು. 1866ರಲ್ಲಿ ಮತ ಹಾಕಿ ಬೇಡವೆಂದರು. 1882ರಲ್ಲಿ ಮತ್ತೆ ಬೇಡವೆಂದರು. ಕೊನೆಗೆ 1887ರಲ್ಲಿ ಒಪ್ಪಿದರು. ಮರುವರ್ಷ ಬಂದ ಕಾನೂನಿನಲ್ಲಿ ಒಂದು ಷರತ್ತು ಇತ್ತು: ಮಾದರಿ ಮಾಡಿ ತೋರಿಸಲು ಬರುವ ಆವಿಷ್ಕಾರಕ್ಕೆ ಮಾತ್ರ ಪೇಟೆಂಟ್. ಗಡಿಯಾರದ ಮಾದರಿ ಮಾಡಬಹುದು, ಮಗ್ಗದ ಮಾದರಿ ಮಾಡಬಹುದು. ರಾಸಾಯನಿಕ ಕ್ರಿಯೆಯ ಮಾದರಿ ಮಾಡುವುದು ಹೇಗೆ? ಹೀಗೆ ಬಾಸೆಲ್‌ನ ಬಣ್ಣದ ಮನೆಗಳು ಹೊರಗೇ ಉಳಿದವು. ಜರ್ಮನಿಯ ಕಾರ್ಖಾನೆದಾರರು ಇದು ಲೂಟಿಕೋರರ ದೇಶ ಎಂದು ಬೈದರು. ಸುಂಕ ಏರಿಸುತ್ತೇವೆಂಬ ಬೆದರಿಕೆ ಬಂದ ಮೇಲೆ 1907ರಲ್ಲಿ ಸ್ವಿಸ್ ಸರ್ಕಾರ ರಾಸಾಯನಿಕ ವಿಧಾನಗಳಿಗೆ ಪೇಟೆಂಟ್ ಕೊಡಲು ಒಪ್ಪಿತು. ವಿಧಾನಕ್ಕೆ ಮಾತ್ರ. ಔಷಧವೆಂಬ ವಸ್ತುವಿಗೇ ಪೇಟೆಂಟ್ ಕೊಟ್ಟದ್ದು 1977ರಲ್ಲಿ.

ಬಾಸೆಲ್ ಒಂದರ ಮಾತಲ್ಲ ಇದು. ಹಾಲೆಂಡ್ ತನ್ನಲ್ಲಿದ್ದ ಪೇಟೆಂಟ್ ಕಾನೂನನ್ನು 1869ರಲ್ಲಿ ಕಿತ್ತೇ ಹಾಕಿತ್ತು. ಮತ್ತೆ ತಂದದ್ದು 1912ರಲ್ಲಿ. ಈ ನಡುವೆ, 1891ರಲ್ಲಿ, ಐಂಡ್ಹೋವನ್ ಊರಿನಲ್ಲಿ ಫಿಲಿಪ್ಸ್ ಕಂಪನಿ ವಿದ್ಯುತ್ ದೀಪ ಮಾಡಲು ಆರಂಭಿಸಿತು. ಅಮೆರಿಕ ತನ್ನ ಮೊದಲ ನೂರು ವರ್ಷ ಹೊರದೇಶದ ಲೇಖಕರಿಗೆ ಕೃತಿಸ್ವಾಮ್ಯವನ್ನೇ ಕೊಡಲಿಲ್ಲ. 1842ರಲ್ಲಿ ಅಲ್ಲಿಗೆ ಹೋದ ಚಾರ್ಲ್ಸ್ ಡಿಕನ್ಸ್ ತನ್ನ ಪುಸ್ತಕಗಳು ರಾಶಿರಾಶಿ ಮಾರಾಟವಾಗುತ್ತಿದ್ದುದನ್ನು ಕಂಡ. ಕಾನೂನು ತನ್ನಿ ಎಂದು ಸಭೆ ಸಭೆಗಳಲ್ಲಿ ಕೇಳಿಕೊಂಡ. ಪತ್ರಿಕೆಗಳು ಅವನನ್ನೇ ದುರಾಸೆಯವನೆಂದು ಜರಿದವು. ಅಲ್ಲಿ ಕಾನೂನು ಬದಲಾದದ್ದು 1891ರಲ್ಲಿ, ಅಮೆರಿಕನ್ನರೇ ಲೋಕವೆಲ್ಲ ಓದುವಂಥ ಪುಸ್ತಕ ಬರೆಯತೊಡಗಿದ ಮೇಲೆ.

ಈ ಚರಿತ್ರೆಯನ್ನು ಕೂತು ಓದಿದ ಒಬ್ಬ ನ್ಯಾಯಾಧೀಶರು ನಮ್ಮಲ್ಲಿದ್ದರು. ಅವರಿಗೆ ಸಿಗಬೇಕಾದಷ್ಟು ಮನ್ನಣೆ ಈ ದೇಶದಲ್ಲಿ ಸಿಕ್ಕಿಲ್ಲ ಎಂದು ನನ್ನ ನಂಬಿಕೆ. ಹೆಸರು ಎನ್. ರಾಜಗೋಪಾಲ ಅಯ್ಯಂಗಾರ್. ಮದರಾಸು ಹೈಕೋರ್ಟಿನಲ್ಲಿದ್ದವರು, ಮುಂದೆ ಸುಪ್ರೀಂ ಕೋರ್ಟಿಗೂ ಹೋದವರು. ಬ್ರಿಟಿಷರು ಬಿಟ್ಟುಹೋದ 1911ರ ಪೇಟೆಂಟ್ ಕಾಯ್ದೆಯನ್ನು ಏನು ಮಾಡೋಣ, ಹೇಳಿ ಎಂದು 1957ರಲ್ಲಿ ಕೇಂದ್ರ ಸರ್ಕಾರ ಅವರನ್ನು ಕೇಳಿತು. ಅದಕ್ಕೂ ಮೊದಲು ಬಕ್ಷಿ ಟೇಕ್ ಚಂದ್ ಸಮಿತಿ ಒಂದು ವರದಿ ಕೊಟ್ಟಿತ್ತು, 1953ರಲ್ಲಿ ಒಂದು ಮಸೂದೆ ಬಂದು ಬಿದ್ದುಹೋಗಿತ್ತು. ಅಯ್ಯಂಗಾರ್ ಎರಡು ವರ್ಷ ತೆಗೆದುಕೊಂಡು 1959ರ ಸೆಪ್ಟೆಂಬರಿನಲ್ಲಿ ವರದಿ ಒಪ್ಪಿಸಿದರು.

ಅವರು ಮೊದಲು ಲೆಕ್ಕ ಹಾಕಿದರು. ಭಾರತದಲ್ಲಿ ಕೊಟ್ಟ ಪೇಟೆಂಟ್‌ಗಳಲ್ಲಿ ಶೇ 80ರಿಂದ 90ರಷ್ಟು ವಿದೇಶಿಯರ ಕೈಯಲ್ಲಿದ್ದವು. ಆ ವಿದೇಶಿ ಪೇಟೆಂಟ್‌ಗಳಲ್ಲಿ ಶೇ 90ಕ್ಕೂ ಹೆಚ್ಚಿನವು ಇಲ್ಲಿ ಬಳಕೆಗೇ ಬಂದಿರಲಿಲ್ಲ. ಅಂದರೆ ಆ ಕಂಪನಿಗಳು ಇಲ್ಲಿ ಕಾರ್ಖಾನೆ ಹಾಕಲಿಲ್ಲ, ಬೇರೆಯವರು ಹಾಕದಂತೆ ಬಾಗಿಲಿಗೆ ಬೀಗ ಹಾಕಿಟ್ಟವು. ಹೊಲ ಉಳದೆ, ಗುತ್ತಿಗೆಗೂ ಕೊಡದೆ, ಬೇಲಿ ಮಾತ್ರ ಗಟ್ಟಿ ಮಾಡಿಟ್ಟಂತೆ. ಅದೇ ಹೊತ್ತಿಗೆ ಅಮೆರಿಕದ ಸೆನೆಟ್‌ನಲ್ಲಿ ಕೆಫಾವರ್ ಅಧ್ಯಕ್ಷತೆಯ ಸಮಿತಿ ಔಷಧಗಳ ಬೆಲೆಯ ತನಿಖೆ ನಡೆಸುತ್ತಿತ್ತು. ಅದು ದೇಶದೇಶಗಳ ಬೆಲೆ ಹೋಲಿಸಿ ನೋಡಿ, ಔಷಧ ಅತಿ ದುಬಾರಿಯಾಗಿರುವ ದೇಶಗಳ ಸಾಲಿನಲ್ಲಿ ಭಾರತವೂ ಇದೆ ಎಂದಿತು. ಜಗತ್ತಿನ ಅತಿ ಬಡವರಲ್ಲಿ ಸೇರಿದ ಜನ, ಜಗತ್ತಿನ ಅತಿ ದುಬಾರಿ ಔಷಧ.

ಅಯ್ಯಂಗಾರ್ ಜರ್ಮನಿಯ ಕಡೆ ನೋಡಿದರು. 1877ರ ಜರ್ಮನ್ ಕಾನೂನು ರಾಸಾಯನಿಕ ವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತ್ತು. ವಸ್ತು ಎಲ್ಲರದ್ದೂ ಆಗಿದ್ದರಿಂದ ಅದಕ್ಕೆ ಹೊಸ ದಾರಿ ಹುಡುಕುವ ಪೈಪೋಟಿ ಹುಟ್ಟಿ ಅಲ್ಲಿನ ರಸಾಯನ ಉದ್ಯಮ ಜಗತ್ತನ್ನೇ ಮೀರಿಸಿತು. ಅದನ್ನು ಕಂಡ ಬ್ರಿಟನ್ 1919ರಲ್ಲಿ ತಾನೂ ಅದೇ ದಾರಿಗೆ ತಿರುಗಿತ್ತು. ವಿಧಾನ, ವಸ್ತು ಎಂಬ ಈ ವ್ಯತ್ಯಾಸ ನಮ್ಮ ಕಥೆಯ ಬೇರು, ಆದ್ದರಿಂದ ಒಂದು ನಿಮಿಷ ಇಲ್ಲಿ ನಿಲ್ಲುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬಾಕೆ ಹೋಳಿಗೆ ಮಾಡುವ ಹೊಸ ಬಗೆ ಕಂಡುಕೊಂಡಳು ಎನ್ನಿ. ಆ ಬಗೆ ಅವಳದ್ದು, ಬೇರೆಯವರು ಅದನ್ನು ನಕಲು ಮಾಡಬಾರದು ಎಂದರೆ ಅದು ವಿಧಾನದ ಪೇಟೆಂಟ್. ಪಕ್ಕದ ಮನೆಯಾಕೆ ಬೇರೆ ಬಗೆಯಲ್ಲಿ ಹೂರಣ ರುಬ್ಬಿ ಹೋಳಿಗೆ ಮಾಡಬಹುದು. ಹೋಳಿಗೆಯೇ ಅವಳದ್ದು, ಇನ್ನಾರೂ ಯಾವ ಬಗೆಯಲ್ಲೂ ಮಾಡಬಾರದು ಎಂದರೆ ಅದು ವಸ್ತುವಿನ ಪೇಟೆಂಟ್. ಕ್ಲಾವೆಲ್‌ನ ಕಾಲದ ಲಿಯಾನ್‌ನಲ್ಲಿ ಆದದ್ದು ಅದೇ.

ವರದಿ ಕಾನೂನಾಗಲು ಹನ್ನೊಂದು ವರ್ಷ ಹಿಡಿಯಿತು. 1965ರಲ್ಲೊಂದು ಮಸೂದೆ, 1967ರಲ್ಲೊಂದು ಮಸೂದೆ, ನಡುವೆ ಯುದ್ಧ, ಪ್ರಧಾನಿಗಳ ಸಾವು. ಅಂತೂ 1970ರಲ್ಲಿ ಪೇಟೆಂಟ್ ಕಾಯ್ದೆ ಸಂಸತ್ತಿನ ಒಪ್ಪಿಗೆ ಪಡೆದು 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಆಹಾರ, ಔಷಧ, ರಾಸಾಯನಿಕಗಳಲ್ಲಿ ವಸ್ತುವಿಗೆ ಪೇಟೆಂಟ್ ಇಲ್ಲ, ವಿಧಾನಕ್ಕೆ ಮಾತ್ರ ಉಂಟು. ಆಹಾರ ಮತ್ತು ಔಷಧದ ವಿಧಾನಗಳಿಗೆ ಪೇಟೆಂಟಿನ ಆಯುಸ್ಸು ಅರ್ಜಿಯಿಂದ ಏಳು ವರ್ಷ ಅಥವಾ ಮಂಜೂರಾತಿಯಿಂದ ಐದು ವರ್ಷ, ಯಾವುದು ಕಡಿಮೆಯೋ ಅಷ್ಟು. ಇದನ್ನು ಕಳ್ಳರ ಕಾನೂನು ಎಂದು ಹೊರಗಿನವರು ಕರೆದರು. ಆ ವರ್ಷ, ಅಂದರೆ 1970ರಲ್ಲಿ, ಸ್ವಿಟ್ಜರ್‌ಲೆಂಡಿನಲ್ಲೂ ಔಷಧವೆಂಬ ವಸ್ತುವಿಗೆ ಪೇಟೆಂಟ್ ಇರಲಿಲ್ಲ. ಜಪಾನಿನಲ್ಲೂ ಇರಲಿಲ್ಲ, ಅಲ್ಲಿ ಬಂದದ್ದು 1976ರಲ್ಲಿ. ಇಟಲಿಯಲ್ಲಿ 1978ರವರೆಗೆ ಔಷಧಕ್ಕೆ ಯಾವ ಬಗೆಯ ಪೇಟೆಂಟೂ ಇರಲಿಲ್ಲ. ಈ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಕಾನೂನು ತಾನಾಗಿ ಮಾತ್ರೆ ಮಾಡುವುದಿಲ್ಲ. ಮಾಡುವ ಕೈಗಳು ಬೇಕು. ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್, ಹೈದರಾಬಾದ್ ಮತ್ತು ಋಷಿಕೇಶದಲ್ಲಿ ಐಡಿಪಿಎಲ್, ಇವು ಸರ್ಕಾರದ ಕಾರ್ಖಾನೆಗಳು. ಅಲ್ಲಿ ಕೆಲಸ ಕಲಿತವರು ಹೊರಬಂದು ಸ್ವಂತ ಕಂಪನಿ ತೆರೆದರು. ಹೈದರಾಬಾದ್ ಇವತ್ತು ಔಷಧದ ಊರಾಗಿರುವುದಕ್ಕೆ ಅದೇ ಕಾರಣ. ಸರ್ಕಾರದ ಪ್ರಯೋಗಾಲಯಗಳು ಹೊಸ ವಿಧಾನಗಳನ್ನು ಹುಡುಕಿ ಕೊಟ್ಟವು. ಮುಂಬೈಯಲ್ಲಿ 1935ರಲ್ಲೇ ಹುಟ್ಟಿದ್ದ ಸಿಪ್ಲಾ ಇತ್ತು. ಅದನ್ನು ಕಟ್ಟಿದ ಖ್ವಾಜಾ ಅಬ್ದುಲ್ ಹಮೀದ್ ಬರ್ಲಿನ್‌ನಲ್ಲಿ ರಸಾಯನ ಓದಿದವರು, ಗಾಂಧೀಜಿಯವರನ್ನು ತನ್ನ ಕಾರ್ಖಾನೆಗೆ ಕರೆಸಿದ್ದವರು. ಅವರ ಮಗ ಯೂಸುಫ್ ಹಮೀದ್ 1970ರ ಕಾನೂನಿಗಾಗಿ ಓಡಾಡಿದವರಲ್ಲಿ ಒಬ್ಬರು.

ಈ ಕಾನೂನಿಗೆ ದೋಷವೇ ಇರಲಿಲ್ಲ ಎನ್ನಲಾರೆ. ಬೇರೆಯವರು ಕಂಡುಹಿಡಿದದ್ದನ್ನು ಅಗ್ಗವಾಗಿ ಮಾಡುವುದರಲ್ಲಿ ನಮ್ಮವರು ಎಷ್ಟು ನಿಪುಣರಾದರೋ, ಹೊಸ ಔಷಧವನ್ನು ತಾವೇ ಕಂಡುಹಿಡಿಯುವುದರಲ್ಲಿ ಅಷ್ಟು ಆಗಲಿಲ್ಲ. ಮೂರು ದಶಕಗಳ ರಕ್ಷಣೆಯಲ್ಲಿ ಅದೂ ಆಗಬೇಕಿತ್ತು. ಆದರೆ ಆ ಮೂರು ದಶಕಗಳಲ್ಲಿ ಬೆಳೆದ ಕೌಶಲಕ್ಕೆ ಬೆಲೆ ಎಷ್ಟೆಂದು ಜಗತ್ತಿಗೆ ಗೊತ್ತಾಗುವ ದಿನ ಬಂತು. ಅದು ಏಡ್ಸ್‌ನ ದಿನ.

ಏಡ್ಸ್‌ಗೆ ಮೊದಲ ಔಷಧ ಎಜೆಡ್‌ಟಿ. 1987ರಲ್ಲಿ ಅಮೆರಿಕದ ಪೇಟೆಗೆ ಬಂದಾಗ ಬೆಲೆ ವರ್ಷಕ್ಕೆ ಸುಮಾರು 10,000 ಡಾಲರ್. ಆ ಅಣುವನ್ನು ಮೊದಲು ಕಟ್ಟಿದವರು ಡೆಟ್ರಾಯಿಟ್‌ನ ಜೆರೋಮ್ ಹಾರ್ವಿಟ್ಜ್, 1964ರಲ್ಲಿ, ಸರ್ಕಾರದ ಹಣದಿಂದ ನಡೆದ ಕ್ಯಾನ್ಸರ್ ಸಂಶೋಧನೆಯಲ್ಲಿ. ಕ್ಯಾನ್ಸರ್‌ಗೆ ಅದು ಕೆಲಸ ಮಾಡಲಿಲ್ಲ. ಅವರು ಪೇಟೆಂಟ್ ಮಾಡಿಸಲಿಲ್ಲ, ಒಂದು ಕಾಸೂ ಅವರಿಗೆ ಬರಲಿಲ್ಲ. ಪೇಟೆಂಟ್ ಎಂದರೆ ಕಂಡುಹಿಡಿದವನ ಕೂಲಿ ಎಂದು ವಾದಿಸುವವರು ಎದುರಾದಾಗ ನನಗೆ ಈ ಮನುಷ್ಯ ನೆನಪಾಗುತ್ತಾರೆ. 1996ರ ಹೊತ್ತಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಸಾಯುವ ರೋಗಿ ಎದ್ದು ನಡೆಯುತ್ತಾನೆ ಎಂಬುದು ಖಚಿತವಾಯಿತು. ಬೆಲೆ ವರ್ಷಕ್ಕೆ 10,000ದಿಂದ 15,000 ಡಾಲರ್. ಶ್ರೀಮಂತ ದೇಶಗಳಲ್ಲಿ ಏಡ್ಸ್ ಸಾವು ಸರ್ರನೆ ಇಳಿಯಿತು. ಆಫ್ರಿಕಾದಲ್ಲಿ ಏರುತ್ತಲೇ ಹೋಯಿತು.

ದಕ್ಷಿಣ ಆಫ್ರಿಕಾದಲ್ಲಿ ಸೋಂಕಿತರು ಲಕ್ಷಗಟ್ಟಲೆ ಇದ್ದರು. 1997ರ ಕೊನೆಗೆ ಅಧ್ಯಕ್ಷ ನೆಲ್ಸನ್ ಮಂಡೇಲಾ ಒಂದು ಕಾನೂನಿಗೆ ಸಹಿ ಹಾಕಿದರು: ಅದೇ ಕಂಪನಿಯ ಅದೇ ಔಷಧ ಬೇರೆ ದೇಶದಲ್ಲಿ ಅಗ್ಗವಾಗಿ ಸಿಕ್ಕರೆ ಅಲ್ಲಿಂದ ತರಿಸಬಹುದು. 1998ರ ಫೆಬ್ರವರಿಯಲ್ಲಿ ಔಷಧ ಕಂಪನಿಗಳು ಒಟ್ಟಾಗಿ ಪ್ರಿಟೋರಿಯಾ ಹೈಕೋರ್ಟಿಗೆ ಹೋದವು. ಕೊನೆಯ ತನಕ ಉಳಿದವು 39 ಕಂಪನಿಗಳು. ಪ್ರತಿವಾದಿಗಳ ಪಟ್ಟಿಯಲ್ಲಿ ಮಂಡೇಲಾರ ಹೆಸರಿತ್ತು. ಇಪ್ಪತ್ತೇಳು ವರ್ಷ ಸೆರೆಮನೆಯಲ್ಲಿದ್ದು ಬಂದ ಮುದುಕ, ತನ್ನ ಜನರಿಗೆ ಅಗ್ಗದ ಔಷಧ ತರಿಸಲು ಹೋಗಿ ಕಟಕಟೆಗೆ.

1998ರ ಡಿಸೆಂಬರಿನಲ್ಲಿ ಕೇಪ್‌ಟೌನ್‌ನಲ್ಲಿ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಂದಾಳು ಝಾಕಿ ಅಕ್ಮತ್ ಸ್ವತಃ ಸೋಂಕಿತ. ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಔಷಧ ಸಿಗುವ ತನಕ ತಾನೂ ತೆಗೆದುಕೊಳ್ಳುವುದಿಲ್ಲ ಎಂದು ಹಟ ಹಿಡಿದು, 2003ರವರೆಗೆ ಆ ಹಟ ಬಿಡಲಿಲ್ಲ. ಮಂಡೇಲಾ ಮನೆಗೇ ಬಂದು ಕೇಳಿಕೊಂಡರೂ ಬಿಡಲಿಲ್ಲ. 2000ದಲ್ಲಿ ಥಾಯ್ಲೆಂಡಿಗೆ ಹೋಗಿ, ಏಡ್ಸ್ ರೋಗಿಗಳ ಬಾಯಿ ಗಂಟಲಲ್ಲಿ ಬೆಳೆಯುವ ಬೂಷ್ಟಿಗೆ ಕೊಡುವ ಅಗ್ಗದ ಫ್ಲುಕೊನಜೋಲ್ ಗುಳಿಗೆಗಳನ್ನು ಎಲ್ಲರಿಗೂ ತಿಳಿಯುವಂತೆಯೇ ತಂದ. ಕಾನೂನು ಮುರಿದದ್ದೇ ಹೌದು. ನಮ್ಮ ದಂಡಿಯ ಉಪ್ಪಿನ ವಂಶಕ್ಕೆ ಸೇರಿದ ಕೆಲಸ ಅದು.

ಅದೇ ವರ್ಷ ಸೆಪ್ಟೆಂಬರ್ 28ರಂದು ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಕಮಿಷನ್ ಕರೆದ ಸಭೆಯಲ್ಲಿ ಯೂಸುಫ್ ಹಮೀದ್ ಎದ್ದು ನಿಂತು, ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 800 ಡಾಲರಿಗೆ ಕೊಡುತ್ತೇನೆ ಎಂದರು. ಸಭೆ ನಂಬಲಿಲ್ಲ. ಐದು ತಿಂಗಳ ನಂತರ, 2001ರ ಫೆಬ್ರವರಿಯಲ್ಲಿ, ಗಡಿಗಳಿಲ್ಲದ ವೈದ್ಯರ ಸಂಸ್ಥೆಗೆ ವರ್ಷಕ್ಕೆ 350 ಡಾಲರಿನಂತೆ ಕೊಡುವುದಾಗಿ ಘೋಷಿಸಿದರು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಸ್ಟಾವುಡಿನ್, ಲಾಮಿವುಡಿನ್, ನೆವಿರಪಿನ್ ಎಂಬ ಆ ಮೂರು ಔಷಧಗಳು ಹೊರಗೆ ಮೂರು ಬೇರೆ ಬೇರೆ ಕಂಪನಿಗಳ ಹಿಡಿತದಲ್ಲಿದ್ದವು. ಮೂರನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಬೇಕಾದರೆ ಮೂವರೂ ಒಪ್ಪಬೇಕು. ವಸ್ತುವಿಗೆ ಪೇಟೆಂಟ್ ಇಲ್ಲದ ಭಾರತದಲ್ಲಿ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು. ಓದು ಬರದ ಹೆಣ್ಣುಮಗಳೂ ತಪ್ಪದೆ ನುಂಗಬಹುದಾದ ಗುಳಿಗೆ. ಬೆಲೆಯಷ್ಟೇ ದೊಡ್ಡ ಸಂಗತಿ ಇದು, ಇದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ.

ಸ್ಟಾವುಡಿನ್‌ನ ಪೇಟೆಂಟ್ ಇದ್ದದ್ದು ಯೇಲ್ ವಿಶ್ವವಿದ್ಯಾಲಯದ ಬಳಿ. ಅಲ್ಲಿನ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ವಿರುದ್ಧವೇ ಸಹಿ ಸಂಗ್ರಹಿಸಿದರು. ಆ ಔಷಧದ ಸಂಶೋಧಕರಲ್ಲಿ ಒಬ್ಬರಾದ ವೃದ್ಧ ಪ್ರಾಧ್ಯಾಪಕ ವಿಲಿಯಂ ಪ್ರುಸಾಫ್ ವಿದ್ಯಾರ್ಥಿಗಳ ಪರವಾಗಿ ನಿಂತರು. ದಕ್ಷಿಣ ಆಫ್ರಿಕಾದಲ್ಲಿ ಪೇಟೆಂಟ್ ಚಲಾಯಿಸುವುದಿಲ್ಲ ಎಂದು ಮಾರ್ಚಿನಲ್ಲಿ ಯೇಲ್ ಮತ್ತು ಅದರ ಪಾಲುದಾರ ಕಂಪನಿ ಒಪ್ಪಬೇಕಾಯಿತು. ಅದೇ ತಿಂಗಳು ಪ್ರಿಟೋರಿಯಾದಲ್ಲಿ ವಿಚಾರಣೆ ಆರಂಭವಾಯಿತು. ರೋಗಿಗಳ ಮಾತನ್ನೂ ಕೇಳುತ್ತೇನೆ ಎಂದು ನ್ಯಾಯಾಧೀಶ ಬರ್ನಾರ್ಡ್ ಎನ್ಗೊಯೆಪೆ ತೀರ್ಮಾನಿಸಿದರು. ಬೆಲೆ ಯಾಕಿಷ್ಟು ಎಂಬ ಪ್ರಶ್ನೆಗೆ ಈಗ ಕಾಗದಪತ್ರ ಸಮೇತ ಉತ್ತರ ಕೊಡಬೇಕು. ಕಂಪನಿಗಳು ಸಮಯ ಕೇಳಿದವು. ಏಪ್ರಿಲ್ 19ರಂದು ಮೊಕದ್ದಮೆ ಹಿಂದಕ್ಕೆ ತೆಗೆದುಕೊಂಡವು.

ಗೆದ್ದ ಕೂಡಲೇ ಜನ ಬದುಕಲಿಲ್ಲ. ಮಂಡೇಲಾ ನಂತರ ಬಂದ ಅಧ್ಯಕ್ಷ ಎಂಬೆಕಿ ಏಡ್ಸ್‌ಗೆ ವೈರಸ್ ಕಾರಣವೇ ಎಂದು ಅನುಮಾನಿಸಿದವರು. ಅಲ್ಲಿ ಸರ್ಕಾರಿ ಚಿಕಿತ್ಸೆ ಆರಂಭವಾಗಲು ಇನ್ನೂ ಮೂರು ವರ್ಷ ಬೇಕಾಯಿತು. ನಮ್ಮ ಕಥೆ ಇನ್ನೂ ನೋವಿನದು. ಜಗತ್ತಿಗೆ ಗುಳಿಗೆ ಕಳಿಸುತ್ತಿದ್ದ ಭಾರತ ತನ್ನ ರೋಗಿಗಳಿಗೆ ಅದನ್ನು ಉಚಿತವಾಗಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಪೇಟೆಂಟಿನ ಬೀಗ ತೆಗೆದ ಮೇಲೂ ಬಾಗಿಲು ತೆರೆಯುವವರು ಬೇಕು.

2001ರ ಅಕ್ಟೋಬರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅಮೆರಿಕದಲ್ಲಿ ಅಂಚೆಯ ಮೂಲಕ ಆಂತ್ರಾಕ್ಸ್ ಪುಡಿ ಬಂದು ಕೆಲವರು ಸತ್ತರು. ಅದಕ್ಕೆ ಔಷಧ ಬಾಯರ್ ಕಂಪನಿಯ ಸಿಪ್ರೊ. ಬೆಲೆ ಇಳಿಸದಿದ್ದರೆ ಪೇಟೆಂಟನ್ನು ಬದಿಗಿಡಬೇಕಾದೀತು ಎಂದು ಅಮೆರಿಕದ ಆರೋಗ್ಯ ಸಚಿವರು ಸೂಚಿಸಿದರು. ಗುಳಿಗೆಯ ಬೆಲೆ 1.77 ಡಾಲರಿನಿಂದ 95 ಸೆಂಟಿಗೆ ಇಳಿಯಿತು. ಮರುತಿಂಗಳು ಕತಾರ್‌ನ ದೋಹಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ. ಕೆಲವೇ ಸಾವಿಗೆ ಪೇಟೆಂಟ್ ಸಡಿಲವಾಗುವುದಾದರೆ ಲಕ್ಷಾಂತರ ಸಾವಿಗೆ ಯಾಕಿಲ್ಲ ಎಂಬ ಪ್ರಶ್ನೆಯ ಎದುರು ಶ್ರೀಮಂತ ದೇಶಗಳಿಗೆ ಮಾತು ಹೊರಡಲಿಲ್ಲ. ಜನರ ಆರೋಗ್ಯ ಕಾಪಾಡಲು ದೇಶಗಳು ಕ್ರಮ ಕೈಗೊಳ್ಳುವುದಕ್ಕೆ ಪೇಟೆಂಟ್ ಒಪ್ಪಂದ ಅಡ್ಡಿಯಾಗಬಾರದು ಎಂಬ ಘೋಷಣೆ ನವೆಂಬರ್ 14ರಂದು ಹೊರಬಿತ್ತು.

ಆ ಒಪ್ಪಂದ ನಮ್ಮ ತಲೆಯ ಮೇಲೆ ಬಂದ ಬಗೆಯನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅದರ ಮೂಲ ಉರುಗ್ವೆಯ ಪುಂಟಾ ಡೆಲ್ ಎಸ್ಟೆ ಎಂಬ ಊರಿನಲ್ಲಿ 1986ರಲ್ಲಿ ಆರಂಭವಾದ, ಗ್ಯಾಟ್ ಎಂಬ ಸುಂಕ-ವ್ಯಾಪಾರ ಒಪ್ಪಂದದ ಮಾತುಕತೆ. ಸುಂಕದ ಮಾತುಕತೆಯೊಳಗೆ ಪೇಟೆಂಟನ್ನು ತಂದು ಕೂರಿಸಲು ಅಮೆರಿಕದ ಹತ್ತಾರು ದೊಡ್ಡ ಕಂಪನಿಗಳು ಕೂಟ ಕಟ್ಟಿಕೊಂಡು ದುಡಿದವು. ಭಾರತ, ಬ್ರೆಜಿಲ್ ಬಹಳ ದಿನ ತಡೆದವು. 1989ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಭಾರತ ಮೆತ್ತಗಾಯಿತು. ಮರುತಿಂಗಳು ಅಮೆರಿಕ ತನ್ನ ಸೂಪರ್ 301 ಕಾನೂನಿನಡಿ ಭಾರತವನ್ನು ಹೆಸರಿಸಿ ವ್ಯಾಪಾರದ ದಂಡ ಹಾಕುವ ಬೆದರಿಕೆಯನ್ನೂ ಒಡ್ಡಿತು. ಬಾಸೆಲ್‌ನ ಬಣ್ಣಗಾರರ ಮೇಲೆ ಜರ್ಮನಿ ಬೀಸಿದ ಅದೇ ದೊಣ್ಣೆ. 1991ರ ಡಿಸೆಂಬರಿನಲ್ಲಿ ಗ್ಯಾಟ್‌ನ ಮುಖ್ಯಸ್ಥ ಆರ್ಥರ್ ಡಂಕೆಲ್ ಒಪ್ಪಂದದ ಕರಡು ಮುಂದಿಟ್ಟರು. ಅವರೂ ಸ್ವಿಸ್ ದೇಶದವರು.

ಡಂಕೆಲ್! ಆ ಕಾಲದ ಕರ್ನಾಟಕದ ಹಳ್ಳಿಗಳಲ್ಲಿ ಈ ಹೆಸರು ಗೊತ್ತಿದ್ದಷ್ಟು ಜಗತ್ತಿನ ಬೇರಾವ ಹಳ್ಳಿಗಳಲ್ಲೂ ಗೊತ್ತಿರಲಿಲ್ಲವೇನೋ. ಅದಕ್ಕೆ ಕಾರಣ ಕರ್ನಾಟಕ ರಾಜ್ಯ ರೈತ ಸಂಘ ಮತ್ತು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಕಾನೂನು ಪಾಠ ಹೇಳುತ್ತಿದ್ದ ಮೇಷ್ಟ್ರು ಅವರು. ಜಿನೀವಾದ ಇಂಗ್ಲಿಷ್ ಕರಡನ್ನು ಓದಿ, ಹಸಿರು ಶಾಲು ಹೊದ್ದ ರೈತರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು: ನೀವು ಕಣದಲ್ಲಿ ಎತ್ತಿಟ್ಟ ಬೀಜವನ್ನು ನಾಳೆ ಬಿತ್ತಲು ಯಾರದ್ದೋ ಅಪ್ಪಣೆ ಬೇಕಾದೀತು. 1992ರ ಡಿಸೆಂಬರ್ 29ರಂದು ರೈತರು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದೇ ಕಂಪನಿಯ ಘಟಕವನ್ನು ಕೆಡವಿದರು. ಅಕ್ಟೋಬರಿನಲ್ಲಿ ಕಬ್ಬನ್ ಪಾರ್ಕ್ ಹಸಿರು ಶಾಲುಗಳಿಂದ ತುಂಬಿತು. ಬೀಜ ಸತ್ಯಾಗ್ರಹ ಎಂದು ಅದಕ್ಕೆ ಹೆಸರು.

ಕಚೇರಿ ಒಡೆದದ್ದನ್ನು ನಾನು ಸಮರ್ಥಿಸಲಾರೆ. ಕರಡಿನ ಅಕ್ಷರ ಹಿಡಿದು ನೋಡಿದರೆ ಸಸ್ಯತಳಿಗಳಿಗೆ ಪೇಟೆಂಟೇ ಆಗಬೇಕೆಂದು ಅದರಲ್ಲಿರಲಿಲ್ಲ. ದೇಶಗಳು ತಮ್ಮದೇ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಅವಕಾಶವಿತ್ತು. ಆದರೆ ಆ ಅವಕಾಶವನ್ನು ಸರ್ಕಾರ ರೈತರ ಪರವಾಗಿ ಬಳಸುವಂತೆ ಮಾಡಿದ ಒತ್ತಡದಲ್ಲಿ ಆ ಹಸಿರು ಶಾಲುಗಳ ಪಾಲಿದೆ. 2001ರಲ್ಲಿ ಬಂದ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಂ ಓದಿ: ಬೆಳೆದ ಬೀಜವನ್ನು ಎತ್ತಿಡುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕು ರೈತನಿಗೆ ಉಂಟು.

1994ರ ಏಪ್ರಿಲ್ 15ರಂದು ಮೊರಾಕ್ಕೊದ ಮರಾಕೆಶ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಎಲ್ಲ ತಂತ್ರಜ್ಞಾನಕ್ಕೂ, ಎಲ್ಲ ದೇಶಕ್ಕೂ, ಇಪ್ಪತ್ತು ವರ್ಷದ ಪೇಟೆಂಟ್. ಔಷಧಕ್ಕೆ ವಸ್ತು ಪೇಟೆಂಟ್ ತರಲು ಭಾರತಕ್ಕೆ 2005ರವರೆಗೆ ಗಡುವು. ಬಾಸೆಲ್‌ಗೆ ಸಿಕ್ಕ ನೂರಿಪ್ಪತ್ತು ವರ್ಷ ಎಲ್ಲಿ, ನಮಗೆ ಸಿಕ್ಕ ಹತ್ತು ವರ್ಷ ಎಲ್ಲಿ. ಗಡುವು ಮುಗಿಯಲು ಐದು ದಿನವಿದ್ದಾಗ, 2004ರ ಡಿಸೆಂಬರ್ 26ರಂದು, ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದನ್ನು ಕಾಯ್ದೆ ಮಾಡಲು ಎಡಪಕ್ಷಗಳ ಬೆಂಬಲ ಬೇಕಿತ್ತು. ಅವು ಷರತ್ತು ಹಾಕಿದವು. 2005ರ ಮಾರ್ಚಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯಲ್ಲಿ 3(ಡಿ) ಎಂಬ ಕಲಂ ಈಗಿರುವ ರೂಪ ತಾಳಿತು. ಗೊತ್ತಿರುವ ಔಷಧದ ರೂಪ ಬದಲಿಸಿ ತಂದು ಹೊಸದೆಂದು ಪೇಟೆಂಟ್ ಕೇಳಿದರೆ, ಅದರ ಗುಣ ಮೊದಲಿಗಿಂತ ಹೆಚ್ಚಿದೆ ಎಂದು ತೋರಿಸಬೇಕು. ತೋರಿಸದಿದ್ದರೆ ಇಲ್ಲ. ಹಳೆಯ ಎಣ್ಣೆಗೆ ಹೊಸ ಹಣತೆ ತಂದು ಇನ್ನಿಪ್ಪತ್ತು ವರ್ಷ ಕೊಡಿ ಎನ್ನುವಂತಿಲ್ಲ.

ಈಗ ಚೆನ್ನೈ. ರಕ್ತದ ಕ್ಯಾನ್ಸರಿನ ಒಂದು ಬಗೆಗೆ ಇಮ್ಯಾಟಿನಿಬ್ ಎಂಬ ಔಷಧವಿದೆ. ಅದ್ಭುತ ಔಷಧ, ನಿಕೊಲಸ್ ಲೈಡನ್, ಬ್ರಯನ್ ಡ್ರೂಕರ್ ಮೊದಲಾದವರ ವರ್ಷಗಟ್ಟಲೆಯ ದುಡಿಮೆಯ ಫಲ. ಕೆಲವೇ ವರ್ಷದಲ್ಲಿ ಕೊಲ್ಲುತ್ತಿದ್ದ ಕಾಯಿಲೆ ದಿನವೂ ಗುಳಿಗೆ ನುಂಗಿ ಬಾಳಬಹುದಾದ ಕಾಯಿಲೆಯಾಯಿತು. ಇಂಥದ್ದನ್ನು ಹುಡುಕಲು ಹಣ ಬೇಕು, ಆ ಹಣ ಎಲ್ಲಿಂದಲಾದರೂ ಬರಬೇಕು. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆ ಅಣುವಿನ ಮೂಲ ಪೇಟೆಂಟ್ ಹೊರದೇಶಗಳಲ್ಲಿ 1993ರಷ್ಟು ಹಳೆಯದು. ಅದರ ಒಂದು ಲವಣದ ಬೀಟಾ ಹರಳು ರೂಪಕ್ಕೆ ಪೇಟೆಂಟ್ ಕೊಡಿ ಎಂದು 1998ರ ಜುಲೈ 17ರಂದು ನೋವಾರ್ಟಿಸ್ ಚೆನ್ನೈ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿತು. 2003ರಲ್ಲಿ ಅದಕ್ಕೆ ತಾತ್ಕಾಲಿಕ ಮಾರಾಟದ ಏಕಸ್ವಾಮ್ಯ ಸಿಕ್ಕಿತು. ಗ್ಲಿವೆಕ್ ಎಂಬ ಹೆಸರಿನ ಆ ಔಷಧದ ಬೆಲೆ ಆಗ ತಿಂಗಳಿಗೆ 1,20,000 ರೂಪಾಯಿ. ಭಾರತೀಯ ಕಂಪನಿಗಳ ಅದೇ ಔಷಧ ಸುಮಾರು 8,000ದಿಂದ 10,000. ನೋವಾರ್ಟಿಸ್ ಸಾವಿರಾರು ರೋಗಿಗಳಿಗೆ ಔಷಧವನ್ನು ಉಚಿತವಾಗಿ ಕೊಟ್ಟಿತೆಂಬುದೂ ನಿಜ. ಆದರೆ ಕೊಡುವವರ ಮನಸ್ಸಿನ ಮೇಲೆ ನಿಂತ ಬದುಕಿಗೂ ಅಂಗಡಿಗೆ ಹೋಗಿ ಕೊಳ್ಳಬಲ್ಲ ಬದುಕಿಗೂ ಅಂತರವಿದೆ.

ಮುಂಬೈಯ ಕ್ಯಾನ್ಸರ್ ರೋಗಿಗಳ ನೆರವಿನ ಸಂಸ್ಥೆಯೊಂದು ಮತ್ತು ಕೆಲವು ಭಾರತೀಯ ಕಂಪನಿಗಳು ಅರ್ಜಿಗೆ ತಕರಾರು ಹಾಕಿದವು. 2006ರ ಜನವರಿಯಲ್ಲಿ ಚೆನ್ನೈ ಕಚೇರಿ ಪೇಟೆಂಟ್ ಇಲ್ಲವೆಂದಿತು. ನೋವಾರ್ಟಿಸ್ 3(ಡಿ) ಕಲಮನ್ನೇ ಪ್ರಶ್ನಿಸಿ ಮದರಾಸು ಹೈಕೋರ್ಟಿಗೆ ಹೋಯಿತು, 2007ರಲ್ಲಿ ಸೋತಿತು. 2009ರಲ್ಲಿ ಮೇಲ್ಮನವಿ ಮಂಡಳಿಯಲ್ಲೂ ಸೋತಿತು. ಕೊನೆಗೆ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ತೀರ್ಪು ಕೊಟ್ಟರು. ಹರಳು ಸುಲಭವಾಗಿ ಹರಿಯುತ್ತದೆ, ತೇವ ಕಡಿಮೆ ಹೀರುತ್ತದೆ, ಕೆಡದೆ ಉಳಿಯುತ್ತದೆ, ಇರಬಹುದು. ಕಾಯಿಲೆ ಗುಣಪಡಿಸುವ ಶಕ್ತಿ ಹೆಚ್ಚಿದೆಯೇ? ತೋರಿಸಿಲ್ಲ. ಅರ್ಜಿ ವಜಾ. ಆ ತೀರ್ಪನ್ನು ಓದುವಾಗ ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ. ಹರಳಿನ ಮಾತಿಗೆ ಬರುವ ಮೊದಲು ನ್ಯಾಯಾಲಯ ಚರಿತ್ರೆ ಹೇಳುತ್ತ ಹೋಗುತ್ತದೆ. ಅಲ್ಲಿ ಪುಟ ಪುಟಗಳಲ್ಲಿ ಎದುರಾಗುವುದು 1959ರ ರಾಜಗೋಪಾಲ ಅಯ್ಯಂಗಾರ್ ವರದಿ.

2005ರ ಕಾಯ್ದೆ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿತ್ತು. ಪೇಟೆಂಟ್ ಕೊಡುವ ಮೊದಲೇ ಅದಕ್ಕೆ ತಕರಾರು ಹಾಕಬಹುದು, ಯಾರು ಬೇಕಾದರೂ. ಕಂಪನಿಯೇ ಆಗಬೇಕಿಲ್ಲ, ವಕೀಲರೇ ಆಗಬೇಕಿಲ್ಲ. ಕ್ಷಯರೋಗಕ್ಕೆ ನಾಲ್ಕು ದಶಕಗಳ ನಂತರ ಬಂದ ಹೊಸ ಔಷಧ ಬೆಡಾಕ್ವಿಲಿನ್. ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಅದಕ್ಕೂ ಮೊದಲು ಕೊಡುತ್ತಿದ್ದುದು ತಿಂಗಳುಗಟ್ಟಲೆ ಚುಚ್ಚುಮದ್ದು, ಅದರಿಂದ ಎಷ್ಟೋ ಜನರ ಕಿವಿ ಹೋಗುತ್ತಿತ್ತು. ಬೆಡಾಕ್ವಿಲಿನ್‌ನ ಮೂಲ ಪೇಟೆಂಟ್ 2023ರ ಜುಲೈನಲ್ಲಿ ಮುಗಿಯಬೇಕಿತ್ತು. ಅದರ ಲವಣ ರೂಪಕ್ಕೆ ಕೇಳಿದ್ದ ಪೇಟೆಂಟ್ ಸಿಕ್ಕಿದ್ದರೆ ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿಯ ಹಿಡಿತ 2027ರವರೆಗೆ ಎಳೆಯುತ್ತಿತ್ತು. 2019ರಲ್ಲಿ ಅದರ ವಿರುದ್ಧ ಮುಂಬೈಯ ಪೇಟೆಂಟ್ ಕಚೇರಿಗೆ ಒಂದು ತಕರಾರು ಬಂತು. 2023ರ ಮಾರ್ಚ್ 23ರಂದು ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ತಕರಾರು ಹಾಕಿದವರು ಇಬ್ಬರು ಹೆಣ್ಣುಮಕ್ಕಳು. ಮುಂಬೈಯ ನಂದಿತಾ ವೆಂಕಟೇಶನ್, ಕೇಪ್‌ಟೌನ್‌ನ ಖಯೆಲಿತ್ಶಾದ ಫುಮೇಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಬದುಕಿ ಉಳಿದವರು, ಇಬ್ಬರೂ ಹಳೆಯ ಔಷಧದಿಂದ ಕಿವಿ ಕಳೆದುಕೊಂಡವರು.